ಎರಡನೇ ಶನಿವಾರದ ರೋಗಿ

ಡಾ. ಶಿವಲಿಂಗಪ್ಪನವರು ಸಂಯೋಜಕರಾದದ್ದು, ಸಭೆ ನಡೆದ ದಿನ ಅವರು ರಜೆಯ ಮೇಲಿದ್ದರೆಂಬ ಒಂದೇ ಅರ್ಹತೆಯಿಂದ. ಇಳಕಲ್ಲಿನಲ್ಲಿ ಸೋದರಮಾವನ ಮಗಳ ಸೀಮಂತಕ್ಕೆ, ನಮ್ಮ ಕಡೆ ಕುಬಸ ಎನ್ನುವ ಕಾರ್ಯಕ್ಕೆ ಹೋಗಿ, ಹೋಳಿಗೆ ಉಂಡು, ಮರುದಿನ ಬಾಗಲಕೋಟೆಗೆ ಬಂದಿಳಿದಾಗ ವೈದ್ಯಕೀಯ ಕಾಲೇಜಿನಲ್ಲಿ ಅವರಿಗೊಂದು ಹೊಸ ಹುದ್ದೆ ಕಾದಿತ್ತು. ಬಂದವರೆಲ್ಲ ತಮತಮಗೆ ಬೇಡವೆಂದದ್ದನ್ನು ಬಾರದವರಿಗೆ ದಯಪಾಲಿಸುವುದು ನಮ್ಮ ಸಭೆಗಳ ಹಳೆಯ ಸಂಪ್ರದಾಯ.

ಹುದ್ದೆ ಸಣ್ಣದೇನಲ್ಲ. ಬೆಳಿಗ್ಗೆ ವಾರ್ಡಿನಲ್ಲಿ ರೋಗಿಯನ್ನು ನೋಡಿ, ಮಧ್ಯಾಹ್ನ ಪ್ರಯೋಗಾಲಯದಲ್ಲಿ ಕುಳಿತು ಆ ರೋಗದ ಬೇರು ಹುಡುಕುವ ವೈದ್ಯ ಸಂಶೋಧಕರನ್ನು ತಯಾರಿಸಲು ಕಾಲೇಜು ಒಂದು ಯೋಜನೆ ತೆಗೆದಿತ್ತು. ಸೇರಿದವರು ಆರು ಜನ. ವಾರ್ಡಿನವರು ಇವರನ್ನು ಕೆಲಸ ತಪ್ಪಿಸಿಕೊಂಡು ಪ್ರಯೋಗಾಲಯಕ್ಕೆ ಓಡುವವರೆಂದು ತಿಳಿದರು. ಪ್ರಯೋಗಾಲಯದವರು ಗಾಜಿನ ಸಾಮಾನು ಒಡೆಯಲು ಬರುವವರೆಂದು ತಿಳಿದರು. ಎರಡೂ ಕಡೆಯಿಂದ ಆಮಂತ್ರಣ ಬಂದು ಎರಡೂ ಪಂಕ್ತಿಯಲ್ಲಿ ಎಲೆ ಸಿಗದ ಬೀಗರಂತೆ ಆರೂ ಜನ ಓಡಾಡಿ, ಅವರಲ್ಲಿ ಮೂವರು ಒಬ್ಬರಾದ ಮೇಲೊಬ್ಬರು ಬಿಟ್ಟುಹೋದರು. ಉಳಿದವರು ಹುನಗುಂದದ ಫಾರೂಕ, ಮುಧೋಳ ಕಡೆಯ ಮಲ್ಲು ಮತ್ತು ಬಾದಾಮಿಯ ಚೇತನಾ. ಇವರು ಒಬ್ಬರಿಗೊಬ್ಬರು ಮಾತಾಡಿದ್ದನ್ನು ಕಂಡವರಿರಲಿಲ್ಲ.

ಡೀನ್ ಸಾಹೇಬರು ಯಾವುದೋ ಸಮ್ಮೇಳನದಲ್ಲಿ, ಇಂಥ ವಿದ್ಯಾರ್ಥಿಗಳು ಒಂಟಿತನದಿಂದ ಬಿಟ್ಟುಹೋಗುತ್ತಾರೆ, ನಿಯಮಿತವಾಗಿ ಕೂಟಗಳನ್ನು ನಡೆಸಿದರೆ ಉಳಿಯುತ್ತಾರೆ ಎಂದು ಕೇಳಿ ಬಂದಿದ್ದರು. ಆದ್ದರಿಂದ ಪ್ರತಿ ಎರಡನೇ ಶನಿವಾರ ಕೂಟ, ಕೂಟಕ್ಕೆ ಶಿವಲಿಂಗಪ್ಪ.

ಮೊದಲ ಕೂಟ ಕಾಲೇಜಿನ ಸಭಾಂಗಣದಲ್ಲಿ ನಡೆಯಿತು. ಶಿವಲಿಂಗಪ್ಪನವರು ಸ್ವಾಗತ ಭಾಷಣ ಮಾಡಿದರು, ಪ್ರೊಜೆಕ್ಟರ್ ಹಚ್ಚಲು ಬಂದಿದ್ದ ಸಿಪಾಯಿ ಕೇಳಿಸಿಕೊಂಡ. ಎರಡನೆಯದನ್ನು ಬಾದಾಮಿ ಹತ್ತಿರದ ಮಹಾಕೂಟದ ಗುಡಿಗೆ ಒಯ್ದರು. ಅಲ್ಲಿಗೆ ಫಾರೂಕನೊಬ್ಬ ಬಂದ. ಹಿಂದಿನ ರಾತ್ರಿ ಡ್ಯೂಟಿ ಮಾಡಿದ್ದ ಹುಡುಗ, ಹೊಂಡದ ಪಾವಟಿಗೆಯ ಮೇಲೆ ಮರದ ನೆರಳಿಗೆ ಒರಗಿದವನು ಸಂಜೆಯ ಜೀಪಿಗೇ ಎದ್ದ. ಕೂಟದ ವರದಿಯಲ್ಲಿ ಶಿವಲಿಂಗಪ್ಪನವರು ‘ಶಾಂತ ವಾತಾವರಣದಲ್ಲಿ ನೆರವೇರಿತು’ ಎಂದು ಬರೆದರು. ಸುಳ್ಳಲ್ಲ.

ಡೀನ್ ಸಾಹೇಬರು ಕರೆಸಿ, ಇನ್ನೆರಡು ಸಲ ನೋಡುವುದಾಗಿ ಹೇಳಿದರು. ಅಷ್ಟರೊಳಗೆ ಕೂಟ ಕೂಡದಿದ್ದರೆ, ಅಥವಾ ಇನ್ನೊಬ್ಬರು ಬಿಟ್ಟರೆ, ಯೋಜನೆಗೆ ಬೀಗ. ಸಂಶೋಧನೆಯ ಕೋಣೆ ಸಲೈನ್ ಬಾಟಲಿಯ ದಾಸ್ತಾನಿಗೆ.

ಶಿವಲಿಂಗಪ್ಪನವರಿಗೆ ಈ ಮಾತು ನಾಟಿತು. ನಲವತ್ತರ ಅಂಚಿಗೆ ಬಂದ ಬ್ರಹ್ಮಚಾರಿ ಅವರು. ಇಳಕಲ್ಲಿನ ಮಗ್ಗದ ಮನೆಯಲ್ಲಿ ಹುಟ್ಟಿ, ಮದುವೆಯ ಮಾತು ಬಂದಾಗಲೆಲ್ಲ ಪರೀಕ್ಷೆಯ ನೆಪ ಹೇಳಿ, ಪರೀಕ್ಷೆಗಳು ಮುಗಿದ ಮೇಲೆ ಹೇಳಲು ನೆಪವಿಲ್ಲದೆ ಸುಮ್ಮನಾದವರು. ಸಂಶೋಧನೆಯ ಹುಚ್ಚು ಅವರಿಗೂ ಒಮ್ಮೆ ಇತ್ತು. ಆಗ ಜೊತೆಗೆ ಕುಳಿತು ಚಹಾ ಕುಡಿಯಲು ಒಬ್ಬನೂ ಸಿಗದೆ ಅದು ಆರಿತ್ತು. ಈ ಮೂವರನ್ನು ಹಾಗೆ ಆರಗೊಡಬಾರದೆಂದು ಅವರಿಗೆ ಖಂಡಿತವಾಗಿ ಅನ್ನಿಸಿತು. ಹೇಗೆಂಬುದು ಮಾತ್ರ ತಿಳಿಯಲಿಲ್ಲ.

ಕೊನೆಗೆ ತಮ್ಮ ಮನೆಗೇ ಕರೆದರು. ಮನೆ ನವನಗರದಲ್ಲಿ. ಹಳೆ ಬಾಗಲಕೋಟೆಯ ಅರ್ಧ ಭಾಗ ಅಣೆಕಟ್ಟಿನ ಹಿನ್ನೀರಿಗೆ ಹೋದಾಗ ಮುಳುಗಡೆಯ ಮಂದಿಗಾಗಿ ಸರ್ಕಾರ ಕಟ್ಟಿದ ಊರು ಅದು. ರಸ್ತೆ ಅಗಲ, ಮನೆಗಳ ನಡುವೆ ಬಯಲು. ಒಂದೇ ಓಣಿಯಲ್ಲಿ ಗೋಡೆಗೆ ಗೋಡೆ ಹಚ್ಚಿ ಬದುಕಿದ್ದವರು ಸೆಕ್ಟರುಗಳಲ್ಲಿ ಚೆದುರಿದ್ದರು. ಪಕ್ಕದ ಮನೆಗೆ ಬಂದವರು ಬೇರೆ ಯಾವುದೋ ಓಣಿಯವರು. ಸಾಸಿವೆ ಮುಗಿದರೆ ಯಾರ ಬಾಗಿಲು ತಟ್ಟಬೇಕೆಂದು ಅಲ್ಲಿಯ ಹೆಂಗಸರಿಗೆ ಇನ್ನೂ ತಿಳಿದಿರಲಿಲ್ಲ.

ಡೀನ್ ಸಾಹೇಬರಿಗೆ ಫೋಟೋ ಬೇಕಾಗಬಹುದೆಂದು ಶಿವಲಿಂಗಪ್ಪನವರು ಒಂದು ಡೌಲಿನ ಆಜ್ಞೆ ಹೊರಡಿಸಿದರು: ಎಲ್ಲರೂ ಬಿಳಿ ಕೋಟು ಹಾಕಿ, ಕೊರಳಲ್ಲಿ ಸ್ಟೆತಸ್ಕೋಪು ಧರಿಸಿಯೇ ಬರಬೇಕು. ಈ ಕಥೆಯಲ್ಲಿ ಅವರು ಮಾಡಿದ ತಪ್ಪು ಇದೊಂದೇ. ಉಳಿದದ್ದನ್ನೆಲ್ಲ ಜನ ಮಾಡಿದರು.

ಶನಿವಾರ ಸಂಜೆ ಕಾಲೇಜಿನ ಜೀಪು ಬಂದು ನಿಂತಿತು. ಮಲ್ಲು ಸೂಕ್ಷ್ಮದರ್ಶಕವನ್ನು ಹಸುಗೂಸಿನಂತೆ ಎತ್ತಿಕೊಂಡು ಇಳಿದ. ಫಾರೂಕ ರಕ್ತದ ಬಾಟಲಿ ಸಾಗಿಸುವ ಥರ್ಮಾಕೋಲಿನ ಪೆಟ್ಟಿಗೆ ಹಿಡಿದು ಇಳಿದ; ಒಳಗಿದ್ದದ್ದು ಗೋಲಿಸೋಡಾ. ಹಿಂದೆ ಚೇತನಾ, ನೆಲ ನೋಡುತ್ತ. ಮೂವರೂ ಒಳಗೆ ಹೋದರು. ಸ್ಲೈಡು ತೋರಿಸಬೇಕೆಂದು ಶಿವಲಿಂಗಪ್ಪನವರು ಬಾಗಿಲು ಮುಚ್ಚಿ, ಕಿಟಕಿಗೆ ಚಾದರ ಕಟ್ಟಿದರು.

ಎದುರು ಮನೆಯ ಕಟ್ಟೆಯ ಮೇಲೆ ಶಿವಬಸವ್ವ ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಮೊರ ನಿಂತಿತು.

ಒಳಗೆ ಕೂಟ ಸತ್ತು ಬಿದ್ದಿತ್ತು. ‘ನಮ್ಮ ನಡುವಿನ ಸೇತುವೆ’ ಎಂಬ ಸ್ಲೈಡು ಗೋಡೆಯ ಮೇಲೆ ಓರೆಯಾಗಿ ನಿಂತಿತ್ತು. ಸೋಡಾದ ಗೋಲಿಗಳ ಸದ್ದು ಬಿಟ್ಟರೆ ಮಾತಿಲ್ಲ. ಎಲ್ಲರೂ ತಮ್ಮ ಕೆಲಸದ ಬಗ್ಗೆ ಎರಡು ಮಾತು ಹೇಳಬೇಕೆಂದಾಗ ಮಲ್ಲು ಎರಡೇ ಮಾತು ಹೇಳಿದ. ಚೇತನಾ ಒಂದು ಹೇಳಿದಳು.

“ನಾ ಬಿಡ್ತೇನಿ ಸರ. ಮುಂದಿನ ತಿಂಗಳ ಕಡೀದು.”

ಹೆಣ್ಣುಮಕ್ಕಳ ರಕ್ತಹೀನತೆಯ ಮೇಲೆ ಅವಳ ಕೆಲಸ. ಬಾದಾಮಿಯ ಸುತ್ತಲ ಹಳ್ಳಿಗಳಲ್ಲಿ ಮನೆಮನೆ ತಿರುಗಿ ತಂದ ರಕ್ತದ ಮಾದರಿಗಳು ಗಣಪತಿ ಹಬ್ಬದ ರಜೆಯಲ್ಲಿ ಕರೆಂಟು ಹೋಗಿ, ಫ್ರೀಜರು ನಿಂತು, ಹಾಳಾಗಿದ್ದವು. ಯಾರಿಗೂ ಹೇಳಿರಲಿಲ್ಲ. ಹೇಳಲು ಯಾರಿದ್ದರು? ಈಗ ಹೇಳಿದವಳು ಎದ್ದು, ಬಾಗಿಲು ತೆಗೆದು ಪಡಸಾಲೆಗೆ ಬಂದು, ಬಿಳಿ ಕೋಟಿನ ತೋಳಿನಿಂದ ಕಣ್ಣು ಒರೆಸಿಕೊಂಡಳು.

ಎದುರಿನಲ್ಲಿ ಶಿವಬಸವ್ವ ಮೊರವನ್ನು ಕೆಳಗಿಟ್ಟಳು. ಮೂವರು ಡಾಕ್ಟರು, ಮುಚ್ಚಿದ ಬಾಗಿಲು, ರಕ್ತದ ಪೆಟ್ಟಿಗೆ, ಈಗ ಅಳುತ್ತ ಹೊರಬಂದ ಡಾಕ್ಟರಬಾಯಿ. ಮದುವೆಯಾಗದ ಮನುಷ್ಯ, ಮನೆಯಲ್ಲಿ ಒಂದು ಲೋಟ ನೀರು ಕೊಡುವವರಿಲ್ಲ. ಇಷ್ಟಾದ ಮೇಲೆ ತಿಳಿಯದಿರಲು ಅವಳೇನು ಕೂಸೇ?

ರವಿವಾರ ಬೆಳಿಗ್ಗೆ ಶಿವಲಿಂಗಪ್ಪನವರು ಹಲ್ಲುಜ್ಜುತ್ತಿರುವಾಗಲೇ ಶಿವಬಸವ್ವ ಬ್ರೆಡ್ಡಿನ ಪೊಟ್ಟಣ ಹಿಡಿದು ಬಂದಳು. ಅವಳ ಹಿಂದೆ ಪಕ್ಕದ ಮನೆಯ ಲಾಡಸಾಬರು, ಐಸ್‌ಕ್ಯಾಂಡಿ ತಯಾರಿಸಿ ಮಾರುವವರು, ಬಾಳೆಹಣ್ಣಿನ ಚಿಪ್ಪು ಹಿಡಿದು ಬಂದರು. ರೋಗಿಯನ್ನು ಮಾತಾಡಿಸಲು ಹೋಗುವುದಕ್ಕೆ ನಮ್ಮ ಕಡೆ ಒಂದು ರೀತಿಯಿದೆ. ಯಾವ ರೋಗವೆಂದು ರೋಗಿಯನ್ನು ಕೇಳುವಂತಿಲ್ಲ. ಕುರ್ಚಿಯ ತುದಿಗೆ ಕುಳಿತು, ಈಗ ಹೇಗಿದೆ ಎನ್ನಬೇಕು. ಏನೂ ಆಗುವುದಿಲ್ಲ, ದೇವರಿದ್ದಾನೆ ಎನ್ನಬೇಕು. ಇಂಥದೇ ಆಗಿ ಗುಣವಾದ ಒಬ್ಬರ ಕಥೆ ಹೇಳಬೇಕು; ಗುಣವಾಗದವರ ಕಥೆಯನ್ನು ಬಾಗಿಲಾಚೆ ಹೇಳಿಕೊಳ್ಳಬೇಕು.

ಲಾಡಸಾಬರು ಗುಣವಾದವರ ಕಥೆ ಅರ್ಧ ಹೇಳುವಷ್ಟರಲ್ಲಿ ಶಿವಲಿಂಗಪ್ಪನವರಿಗೆ ವಿಷಯ ಹೊಳೆಯಿತು. ಅವರು ನಕ್ಕು, ತಮಗೆ ಏನೂ ಆಗಿಲ್ಲವೆಂದರು.

ಶಿವಬಸವ್ವ ಲಾಡಸಾಬರ ಮುಖ ನೋಡಿದಳು. ಲಾಡಸಾಬರು ನೆಲ ನೋಡಿದರು. ಗೇಟಿನ ಹತ್ತಿರ ಬಂದ ಮೇಲೆ ಅವಳು ದನಿ ಇಳಿಸಿ ಹೇಳಿದಳು:

“ಅವಗ ಹೇಳಿಲ್ಲಂತ.”

ಇದರ ಮುಂದೆ ವಾದವಿಲ್ಲ. ನಮ್ಮಲ್ಲಿ ದೊಡ್ಡ ರೋಗ ಬಂದವನಿಗೆ ರೋಗದ ಹೆಸರು ಹೇಳುವುದಿಲ್ಲ. ಮನೆಮಂದಿ, ಡಾಕ್ಟರು, ನೆರೆಹೊರೆ ಎಲ್ಲರೂ ಸೇರಿ ಮುಚ್ಚಿಡುತ್ತಾರೆ. ಹೀಗಾಗಿ ‘ನನಗೇನೂ ಆಗಿಲ್ಲ’ ಎಂದು ನಗುತ್ತ ಹೇಳುವವನೇ ಕೊನೆಯ ಹಂತದವನು. ಶಿವಲಿಂಗಪ್ಪನವರು ಸೋಮವಾರದಿಂದ ಕಂಡಕಂಡವರಿಗೆ ಹೇಳುತ್ತ ಹೋದರು. ಹೇಳಿದಷ್ಟೂ ಬ್ರೆಡ್ಡು ಹೆಚ್ಚಿತು. ಆರೋಗ್ಯ ತೋರಿಸಲು ಬೆಳಿಗ್ಗೆ ಬೀಸುಗಾಲು ಹಾಕಿ ನಡೆದರೆ, ಪಾಪ, ಹೇಗೆ ಧೈರ್ಯ ತಂದುಕೊಂಡಿದ್ದಾನೆ ಎಂದು ಹೆಂಗಸರು ಸೆರಗು ಕಣ್ಣಿಗೆ ಒತ್ತಿಕೊಂಡರು. ಹಳೆಯ ಊರಿನಲ್ಲಿ ಒಂದೇ ಬಾವಿಯ ನೀರು ಸೇದಿ, ಈಗ ಬೇರೆ ಬೇರೆ ಸೆಕ್ಟರಿನಲ್ಲಿರುವ ಹೆಂಗಸರು ಶಿವಲಿಂಗಪ್ಪನವರ ಪಡಸಾಲೆಯಲ್ಲಿ ಎದುರಾಗಿ, ‘ನೀ ಎಲ್ಲಿದ್ದೀಯಬೇ ಇಷ್ಟ ದಿನ’ ಎಂದು ಕೈಹಿಡಿದು ಕುಳಿತರು. ರೋಗಿಯೇ ಅವರಿಗೆ ಚಹಾ ಮಾಡಿ ಕೊಟ್ಟ.

ಸುದ್ದಿ ಬಸ್ಸು ಹತ್ತಿ ಇಳಕಲ್ಲಿಗೂ ಹೋಯಿತು. ವಾರದೊಳಗೆ ತಾಯಿ ಯಮನವ್ವ ಬಂದಿಳಿದಳು. ಬಸ್ಸು ಅಮೀನಗಡದಲ್ಲಿ ನಿಂತಾಗ, ಶಕ್ತಿ ಬರಲೆಂದು ಕೊಂಡ, ಬೆಲ್ಲ ಅಂಟು ಹಾಕಿದ ಕರದಂಟಿನ ಡಬ್ಬಿಗಳು ಅವಳ ಚೀಲದ ತುಂಬ. ಮಗನನ್ನು ಮೇಲಿಂದ ಕೆಳಗೆ ನೋಡಿ ಅವಳು ಅಳಲಿಲ್ಲ, ಬೈದಳು.

“ಮದಿವಿ ಆಗೋ ಅಂದ್ರ ಆಗಲಿಲ್ಲ. ಈಗ ನೋಡಿದ್ಯಾ?”

“ಯವ್ವಾ, ನಾ ಡಾಕ್ಟರ ಅದೇನಿ. ನನಗ ಗೊತ್ತಾಗೂದಿಲ್ಲೇನು?”

“ನಿಮ್ಮ ಅಪ್ಪ ನೇಕಾರ ಇದ್ದ. ಅವನ ಧೋತರ ಹರದದ್ದು ಅವಗ ಗೊತ್ತಾಗ್ತಿತ್ತೇನು? ತಿನ್ನು.”

ತಿಂದರು. ಬೆಳಿಗ್ಗೆ ಕರದಂಟು, ಮಧ್ಯಾಹ್ನ ಬಾಳೆಹಣ್ಣು, ಸಂಜೆ ಯಾರೋ ತಂದ ಶ್ಯಾವಿಗೆ ಪಾಯಸ. ಬೇಡವೆಂದರೆ ಬಾಯಿ ಕೆಟ್ಟಿದೆ ಎನ್ನುವರು. ಊರಿನ ಕರುಣೆಯನ್ನು ಜೀರ್ಣಿಸಿಕೊಳ್ಳುವ ಹೊಣೆ ಒಬ್ಬನೇ ಮನುಷ್ಯನ ಹೊಟ್ಟೆಯ ಮೇಲೆ ಬಿತ್ತು.

ಮುಂದಿನ ಎರಡನೇ ಶನಿವಾರ ಬಂತು. ಶಿವಲಿಂಗಪ್ಪನವರು ಈ ಸಲ ಯಾರನ್ನೂ ಕರೆದಿರಲಿಲ್ಲ. ಕರೆಯುವ ಮುಖ ಉಳಿದಿರಲಿಲ್ಲ. ಸಂಜೆ, ಸಂಶೋಧನೆಯ ಕೋಣೆ ಬಿಟ್ಟುಕೊಡುವ ಮಾತನ್ನು ಡೀನ್ ಸಾಹೇಬರಿಗೆ ಹೇಗೆ ಹೇಳುವುದೆಂದು ಯೋಚಿಸುತ್ತ ಮಂಚದ ಮೇಲೆ ಒರಗಿದ್ದರು; ಒರಗಿದ್ದನ್ನು ಕಂಡು ಬಂದವರು ಇನ್ನಷ್ಟು ಮೌನವಾದರು. ಆಗ ಮಲ್ಲು ಬಾಗಿಲಲ್ಲಿ ನಿಂತ, ಕೈಯಲ್ಲಿ ಬ್ರೆಡ್ಡು. ಅವನ ಬೆನ್ನಿಗೆ ಫಾರೂಕ, ಕೈಯಲ್ಲಿ ತಾಯಿ ರೋಷನಬಿ ಹುನಗುಂದದಿಂದ ಕೊಟ್ಟು ಕಳಿಸಿದ ಶೀರಾ. ಬಾದಾಮಿಯಿಂದ ಬಸ್ಸು ಹಿಡಿದು ಬಂದ ಚೇತನಾಳ ಚೀಲದ ತುಂಬ ಪೇರಲ ಹಣ್ಣು. ಸಭೆಗೆ ಕರೆದರೆ ಬಾರದವರು ರೋಗಿಯನ್ನು ನೋಡಲು ಕರೆಯದೆ ಬಂದಿದ್ದರು. ಎಷ್ಟಾದರೂ ಅವರು ಡಾಕ್ಟರರಾಗುವ ಮೊದಲು ಈ ಕಡೆಯ ಮಕ್ಕಳು.

ಶಿವಲಿಂಗಪ್ಪನವರು ಎಲ್ಲವನ್ನೂ ಹೇಳಿದರು. ಮೂವರೂ ಕೇಳಿ, ಒಬ್ಬರ ಮುಖ ಒಬ್ಬರು ನೋಡಿದರು. ಮೊದಲು ಫಾರೂಕನ ತುಟಿ ನಡುಗಿತು. ಮಲ್ಲು ಗೋಡೆಯ ಕಡೆ ತಿರುಗಿದ. ಚೇತನಾ ಬಾಯಿಗೆ ದುಪಟ್ಟಾ ಅಡ್ಡ ಹಿಡಿದು, ತಿಂಗಳಾನುಗಟ್ಟಲೆ ನಗದವರು ನಗುವಂತೆ ಭುಜ ಕುಣಿಸಿ ನಕ್ಕಳು. ಹೊರಗೆ ಶಿವಬಸವ್ವನಿಗೆ ಕುಣಿಯುವ ಭುಜ ಮಾತ್ರ ಕಂಡಿತು.

“ಮತ್ತ ಅಳಾಕತ್ತಾಳವ್ವ,” ಎಂದಳು.

ಇದನ್ನು ಇಲ್ಲಿಗೇ ಮುಗಿಸಬೇಕೆಂದು ಮಲ್ಲು ನಿರ್ಧರಿಸಿದ. ಮೂವರೂ ಮಂಚವನ್ನು ಪಡಸಾಲೆಗೆ ತಂದಿಟ್ಟು, ಎಲ್ಲರ ಕಣ್ಣೆದುರು ಸರನ್ನು ಪರೀಕ್ಷೆ ಮಾಡುವುದಾಗಿ ಸಾರಿದರು. ಮುಚ್ಚುಮರೆಯಿಲ್ಲ. ಓಣಿಯವರು ಜಾಗ ಹಿಡಿದು ಕುಳಿತರು. ಮಲ್ಲು ಗೂಟದ ಮೇಲಿದ್ದ ಸರ ಬಿಳಿ ಕೋಟು ತೊಟ್ಟು, ಅವರ ಎದೆಗೆ ಸ್ಟೆತಸ್ಕೋಪು ಹಚ್ಚಿ, ಗಟ್ಟಿಯಾಗಿದೆ ಎಂದ. ಎದೆ ಗಟ್ಟಿಯಿದ್ದೇ ತಮ್ಮ ಮಾವ ಹೋದದ್ದೆಂದು ಹಿಂದಿನಿಂದ ಯಾರೋ ಅಂದರು. ಹಾಗಾದರೆ ರಕ್ತವನ್ನೇ ನೋಡುವುದೆಂದು ಚೇತನಾ ಬೆರಳಿಗೆ ಚುಚ್ಚಿ, ಹೋದ ಸಲ ಇಲ್ಲೇ ಉಳಿದಿದ್ದ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟಳು. ಕಣಗಳು ಚೊಕ್ಕವಾಗಿವೆ ಎಂದಳು. ಫಾರೂಕ ಇನ್ನೊಂದು ಹನಿಯನ್ನು ತನ್ನ ಕಿಸೆಯಲ್ಲಿದ್ದ ಸಕ್ಕರೆ ನೋಡುವ ಸಣ್ಣ ಯಂತ್ರಕ್ಕೆ ಹಾಕಿದ. ನೋಡಿದ. ಯಂತ್ರ ಕೊಡವಿ ಮತ್ತೆ ನೋಡಿದ. ಮಲ್ಲುವಿನ ಕಿವಿಯಲ್ಲಿ ಏನೋ ಹೇಳಿದ. ಮಲ್ಲು ಚೇತನಾಳನ್ನು ಕರೆದ. ಎರಡು ವರ್ಷದಲ್ಲಿ ಆ ಮೂವರು ತಲೆಗೆ ತಲೆ ಹಚ್ಚಿ ಮಾತಾಡಿದ್ದು ಅದೇ ಮೊದಲು.

“ಸರ, ಸಕ್ಕರಿ ಭಾಳ ಮ್ಯಾಲ ಐತ್ರಿ,” ಎಂದ ಫಾರೂಕ, ನಾಚಿಕೊಂಡು.

ಓಣಿ ಉಸಿರುಬಿಟ್ಟಿತು. ಅದರಲ್ಲಿ ದುಃಖ ಇತ್ತು, ಆದರೆ ಗೆದ್ದವರ ಸಮಾಧಾನವೂ ಇತ್ತು. ಶಿವಬಸವ್ವ ಸುತ್ತಲೂ ನೋಡಿದಳು, ನಾ ಹೇಳಿರಲಿಲ್ಲವೇ ಎಂಬಂತೆ. ತಿಂಗಳ ಕರದಂಟು, ಬಾಳೆಹಣ್ಣು, ಪಾಯಸವನ್ನು ಲೆಕ್ಕಕ್ಕೆ ಹಿಡಿದು, ರೋಗ ತಂದವರು ನೋಡಲು ಬಂದವರೇ ಎಂದು ಮಲ್ಲು ವಿವರಿಸಲು ಹೋದ. ಅದನ್ನು ಕೇಳುವ ಮನಸ್ಸು ಯಾರಿಗೂ ಇರಲಿಲ್ಲ. ಯಮನವ್ವ ಮಾತ್ರ ಕರದಂಟಿನ ಡಬ್ಬಿಯನ್ನು ಕಾಲಿನಿಂದ ಮಂಚದ ಕೆಳಗೆ ಸರಿಸಿದಳು.

ಅಷ್ಟರಲ್ಲಿ ಶಿವಬಸವ್ವ ಮುಂದೆ ಬಂದು ಚೇತನಾಳ ಎದುರು ಕುಳಿತು, ಬಳೆ ಮೇಲಕ್ಕೆ ಸರಿಸಿ ಕೈ ಚಾಚಿದಳು. ತನಗೂ ತಲೆ ತಿರುಗುತ್ತದೆ, ಏರಿಗೆ ನಡೆದರೆ ದಮ್ಮು ಹತ್ತುತ್ತದೆ, ನೋಡು ಎಂದಳು. ಚೇತನಾ ಕಣ್ಣಿನ ಕೆಳರೆಪ್ಪೆ ಬಿಡಿಸಿ ನೋಡಿದಳು, ಸುಣ್ಣದಂತೆ ಬಿಳಿ. ಅವಳ ಹಿಂದಿದ್ದವಳದೂ ಬಿಳಿ. ಹಳ್ಳಿಹಳ್ಳಿ ತಿರುಗಿ ಹುಡುಕಿದ್ದ ರೋಗ ಇಲ್ಲಿ ಚಾಪೆ ಹಾಸಿ ಕುಳಿತಿತ್ತು. ಅವಳು ತನ್ನ ಕೆಲಸದ ಬಗ್ಗೆ ಹೇಳಿದಳು. ಹಾಳಾದ ಮಾದರಿಗಳ ಬಗ್ಗೆ ಕೂಡ, ಮೊದಲ ಬಾರಿಗೆ ದನಿ ಒಡೆಯದೆ. ಕಾಗದಪತ್ರ ಮಾಡಿಸಿಕೊಂಡು ಬರುತ್ತೇನೆ, ಒಪ್ಪಿಗೆ ಇದ್ದವರು ಮಾತ್ರ ರಕ್ತ ಕೊಟ್ಟರೆ ಸಾಕು, ಅಂಜಬೇಡಿ ಎಂದಳು.

ಶಿವಬಸವ್ವ ಚಾಚಿದ ಕೈ ಹಿಂದೆ ತೆಗೆಯಲಿಲ್ಲ.

“ಇಡೀ ಊರಽ ನೀರಿಗೆ ಕೊಟ್ಟ ಬಂದೇವಿ, ತಂಗಿ. ಒಂದ ಸೂಜಿ ರಕ್ತ ಹೆಚ್ಚೇನು?”

ಆಮೇಲೆ ಲಾಡಸಾಬರು ಕೆಮ್ಮಿ, ತಮ್ಮ ಐಸ್ ಕಾರ್ಖಾನೆಗೆ ಜನರೇಟರ್ ಇದೆ, ಕರೆಂಟು ಹೋದರೂ ಅದು ನಿಲ್ಲುವುದಿಲ್ಲ, ಒಂದು ಪೆಟ್ಟಿಗೆ ಬೇರೆ ಮಾಡಿ ಕೊಡುತ್ತೇನೆ ಎಂದರು. ಕೊಟ್ಟರು ಕೂಡ. ಆ ಪೆಟ್ಟಿಗೆ ಬೇರೆ ಕೋಣೆಯಲ್ಲಿತ್ತು, ಅದಕ್ಕೆ ಬೀಗವೂ ಇತ್ತು. ಆದರೂ ಆ ಸೆಕ್ಟರಿನಲ್ಲಿ ಕೆಂಪು ಬಣ್ಣದ ಐಸ್‌ಕ್ಯಾಂಡಿಯನ್ನು ಮುಂದೆ ಒಬ್ಬರೂ ಕೊಳ್ಳಲಿಲ್ಲ. ಲಾಡಸಾಬರು ಹಳದಿಗೆ ಇಳಿದರು.

ಆ ಸಂಜೆ ಪಡಸಾಲೆಯಲ್ಲಿ ಇನ್ನೂ ಈ ಮಾತು ನಡೆದಿರುವಾಗಲೇ ಡೀನ್ ಸಾಹೇಬರ ಕಾರು ಬಂತು. ತಮ್ಮ ಪ್ರಾಧ್ಯಾಪಕನ ಸ್ಥಿತಿ ಗಂಭೀರವೆಂದು ಅವರಿಗೆ ಸಿಪಾಯಿಯಿಂದ ವರದಿಯಾಗಿತ್ತು. ಗೇಟಿನೊಳಗೆ ಚಪ್ಪಲಿಗಳ ರಾಶಿ, ಮೌನವಾಗಿ ನಿಂತ ಜನ, ಒಳಗೆ ಬಿಳಿ ಕೋಟು. ತಡವಾಯಿತೆಂದುಕೊಂಡು ಅವರು ಬೂಟು ಕಳಚಿ, ಸೇಬುಹಣ್ಣಿನ ಚೀಲವನ್ನು ಎದೆಗವಚಿಕೊಂಡು, ತಲೆ ತಗ್ಗಿಸಿ ಒಳಗೆ ಬಂದರು. ಮಂಚದ ಮೇಲೆ ಶವ ಎದ್ದು ನಮಸ್ಕಾರ ಮಾಡಿತು.

ಸಾಹೇಬರು ಬಲ್ಲವರು. ಒಂದು ಗಳಿಗೆ ಸಾವರಿಸಿಕೊಂಡು ಸುತ್ತ ನೋಡಿದರು. ಮೂವರು ವಿದ್ಯಾರ್ಥಿಗಳೂ ಒಂದೇ ಚಾಪೆಯ ಮೇಲೆ, ಒಂದೇ ತಾಟಿನಿಂದ ಶೀರಾ ತಿನ್ನುತ್ತ, ಯಾರ ಯಂತ್ರ ಸರಿಯೆಂದು ಜಗಳಾಡುತ್ತಿದ್ದರು. ಸುತ್ತ ಜನವೋ ಜನ. ಕಾಲೇಜಿನ ವಾರ್ಷಿಕೋತ್ಸವಕ್ಕೂ ಇಷ್ಟು ಹಾಜರಿ ಬಿದ್ದಿರಲಿಲ್ಲ.

“ಕೂಟ ಇದಽ ಏನ್ರಿ?” ಎಂದರು.

ಶಿವಲಿಂಗಪ್ಪನವರಿಗೆ ಸುಳ್ಳು ಹೇಳಿ ರೂಢಿಯಿರಲಿಲ್ಲ. ಅವರು ಸುತ್ತ ನೋಡಿ, ಹೌದೆಂದರು. ಹೇಳಿದ ಮೇಲೆ ಅದು ನಿಜವೆಂದು ಅವರಿಗೇ ಕಂಡಿತು. ಫೋಟೋ ತೆಗೆಸಲಾಯಿತು. ಅದರಲ್ಲಿ ಡೀನ್ ಸಾಹೇಬರ ಕೈಯಲ್ಲಿ ಯಾರೋ ಹಿಡಿಸಿದ ಬ್ರೆಡ್ಡಿನ ಪೊಟ್ಟಣವಿದೆ. ಕೂಟ ಹೀಗೇ ನಡೆಯುವವರೆಗೆ ಕೋಣೆಯೂ ಇರುತ್ತದೆಂದು ಅವರು ಹೇಳಿ ಹೋದರು. ಚೇತನಾ ಬಿಡುವ ವಿಷಯವನ್ನು ಆ ದಿನ ಯಾರೂ ಕೇಳಲಿಲ್ಲ, ಅವಳೂ ಹೇಳಲಿಲ್ಲ.

ಆದರೆ ಕೂಟ ಹೀಗೇ ನಡೆಯಬೇಕಾದರೆ ರೋಗಿ ಬೇಕಲ್ಲ. ಯಮನವ್ವ ಮಗನಿಗೆ ಜೋಳದ ರೊಟ್ಟಿ, ಹೆಸರುಕಾಳು ಪಲ್ಯ ಬಿಟ್ಟು ಬೇರೆ ಕೊಡಲಿಲ್ಲ. ಓಣಿಯವರು ಹಣ್ಣು ಬಿಟ್ಟು ಸೌತೆಕಾಯಿ ತಂದರು. ಪರಿಣಾಮ ದಾರುಣವಾಯಿತು. ಮುಂದಿನ ಎರಡನೇ ಶನಿವಾರ ತುಂಬಿದ ಪಡಸಾಲೆಯಲ್ಲಿ ಫಾರೂಕ ಯಂತ್ರ ನೋಡಿ, ಸಣ್ಣ ದನಿಯಲ್ಲಿ, ಸಕ್ಕರೆ ಸರಿಯಾಗಿದೆ ಎಂದ.

ಯಾರಿಗೂ ಸಂತೋಷವಾಗಲಿಲ್ಲ. ಹೆಂಗಸರು ಸೆರಗು ಸರಿಪಡಿಸಿಕೊಂಡು ಏಳುವವರಂತೆ ಕುಳಿತರು, ಆದರೆ ಏಳಲಿಲ್ಲ. ಗುಣವಾದವನ ಮನೆಗೆ ಯಾವ ನೆಪದಿಂದ ಬರುವುದು? ಮಲ್ಲು ಸ್ಟೆತಸ್ಕೋಪು ಸುತ್ತಿ ಕಿಸೆಗೆ ಹಾಕಿದ. ಶಿವಲಿಂಗಪ್ಪನವರು ತಪ್ಪು ಮಾಡಿದ ಹುಡುಗನಂತೆ ತಮ್ಮ ಬೆರಳಿನ ತುದಿಯ ರಕ್ತದ ಚುಕ್ಕೆ ನೋಡುತ್ತ ಕುಳಿತರು. ಒಂದೇ ಒಂದು ಕೆಲಸ ಒಪ್ಪಿಸಿದ್ದರು. ಅದನ್ನೂ ಗುಣಮಾಡಿಕೊಂಡು ಕೆಡಿಸಿದರು.

ಆಗ ಚಾಪೆಯ ತುದಿಯಲ್ಲಿ ಚೇತನಾ ಕೆಮ್ಮಿದಳು. ತೀರಾ ಒಣ ಕೆಮ್ಮು. ವೈದ್ಯಶಾಸ್ತ್ರದ ಪ್ರಕಾರ ನೋಡಿದರೆ ಅದಕ್ಕೆ ಆಧಾರವಿರಲಿಲ್ಲ.

“ಸರ,” ಎಂದಳು, ನೆಲ ನೋಡದೆ. “ಮುಂದಿನ ತಿಂಗಳ ನನಗ ಆರಾಮ ಇರೂದಿಲ್ರಿ. ಎಲ್ಲಾರೂ ಬಾದಾಮಿಗೆ ಬರ್ರಿ.”

ಶಿವಬಸವ್ವ ಅವಳ ಹಣೆ ಮುಟ್ಟಿ ನೋಡಿದಳು. ತಣ್ಣಗಿತ್ತು. ಅವಳು ಬಹಳ ಹೊತ್ತು ಕೈ ತೆಗೆಯದೆ, ಗಂಭೀರವಾಗಿ ತಲೆಯಾಡಿಸಿ, ಬಾದಾಮಿಯ ಬಸ್ಸಿಗೆ ಎಷ್ಟು ಮಂದಿ ಆಗುತ್ತಾರೆಂದು ಹಿಂದೆ ತಿರುಗಿ ಕೇಳಿದಳು. ಅದರ ಮುಂದಿನ ತಿಂಗಳಿಗೆ ತನಗೇ ಸೊಂಟ ಹಿಡಿಯುವ ಲಕ್ಷಣ ಇದೆಯೆಂದು ಫಾರೂಕ ಆಗಲೇ ಮಲ್ಲುವಿಗೆ ಹೇಳುತ್ತಿದ್ದ.